ಹೆಸರು ಯಾರದು, ಲೆಕ್ಕ ಯಾರದು?

(ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಆಡಿದ ಮಾತು. ನಂತರ ವಾಹಿನಿಯಲ್ಲಿ ಪ್ರಸಾರವಾಯಿತು.)

 

ಖಟಕ ಚಿಂಚೋಳಿಗೆ ಹೋಗ್ತಿದ್ದೀನಿ ಅಂತ ಬೆಂಗಳೂರಲ್ಲಿ ಹೇಳಿದ್ರೆ, ‘ಕಲಬುರಗಿ ಜಿಲ್ಲೆಯ ಚಿಂಚೋಳಿನಾ?’ ಅಂತ ಕೇಳ್ತಾರೆ. ಅಲ್ಲ ಸ್ವಾಮಿ, ಅದು ಬೇರೆ, ಇದು ಬೇರೆ. ಇದು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ಕರ್ನಾಟಕದ ನಕ್ಷೆಯಲ್ಲಿ ಕಿರೀಟದ ಜಾಗ. ಆದ್ರೆ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಸುದ್ದಿ ಓದೋ ನಮ್ಮಂಥವರಿಗೆ ಕಿರೀಟ ನೆನಪಾಗೋದು ಮಳೆ ಬಂದು ಸೋಯಾ, ಉದ್ದು ಹಾಳಾದಾಗ, ಇಲ್ಲಾ ಚುನಾವಣೆ ಬಂದಾಗ. ಇವತ್ತು ಎರಡೂ ಇಲ್ಲ. ಹಾಗಾಗಿ ನಿಮ್ಮ ಹತ್ರ ನೆಮ್ಮದಿಯಾಗಿ ಮಾತಾಡಬಹುದು.

ಸಭೆ ಏರ್ಪಡಿಸಿದವರು ‘ಮಹಿಳೆ ಮತ್ತು ಮಾಧ್ಯಮ’ ಅಂತ ವಿಷಯ ಕೊಟ್ಟಿದ್ದಾರೆ. ದೊಡ್ಡ ವಿಷಯ. ನಾನು ಅದನ್ನ ಚಿಕ್ಕದು ಮಾಡ್ಕೊಳ್ತೀನಿ. ನೀವು ಸಂಜೆ ಟಿವಿ ಹಾಕ್ತೀರಿ. ಧಾರಾವಾಹಿಯಲ್ಲಿ ಅತ್ತೆ ಹೆಣ್ಣು, ಸೊಸೆ ಹೆಣ್ಣು, ನಾದಿನಿ ಹೆಣ್ಣು. ಸುದ್ದಿ ಹಾಕಿದ್ರೆ ಅಲ್ಲೂ ಓದೋರು ಬಹುಪಾಲು ಹೆಣ್ಣುಮಕ್ಕಳು. ಪರದೆ ತುಂಬಾ ಹೆಣ್ಣು. ಸರಿ, ಆ ಪರದೆಗೆ ದುಡ್ಡು ಹಾಕಿದವರು ಯಾರು? ಈ ಧಾರಾವಾಹಿ ಇರಲಿ, ಆ ಧಾರಾವಾಹಿ ನಿಲ್ಲಲಿ ಅಂತ ಹೇಳೋರು ಯಾರು? ಲಾಭ ಬಂದ್ರೆ ಯಾರ ಖಾತೆಗೆ ಹೋಗುತ್ತೆ? ಅಲ್ಲಿ ಹೋಗಿ ನೋಡಿದ್ರೆ ಹೆಣ್ಣು ಕಾಣಿಸೋದು ಕಷ್ಟ. ಕಂಡರೂ ಎಷ್ಟೋ ಕಡೆ ಹೆಸರು ಮಾತ್ರ ಇರುತ್ತೆ.

ಹಾಗಾಗಿ ಇವತ್ತು ಇಬ್ಬರು ಹೆಂಗಸರ ಕಥೆ ಹೇಳ್ತೀನಿ. ಒಬ್ಬರನ್ನ ನೀವು ಕೇಳೇ ಇಲ್ಲ. ಇನ್ನೊಬ್ಬರು ನಿಮಗೆಲ್ಲ ಗೊತ್ತು, ಆದ್ರೆ ಬೇರೆ ಹೆಸರಲ್ಲಿ ಗೊತ್ತು.

ಮೊದಲು ಗೊತ್ತಿಲ್ಲದವರು. ದೇಶ ಮೆಕ್ಸಿಕೊ. ಅಮೆರಿಕದ ಕೆಳಗಡೆ ಇರೋ ದೇಶ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಮೆಕ್ಕೆಜೋಳ ಎರಡೂ ಮೂಲದಲ್ಲಿ ಆ ಕಡೆಯಿಂದ ಬಂದಿದ್ದು. ಅಲ್ಲಿ ಮರಿಯಾ ಅಸುನ್ಸಿಯಾನ್ ಅರಾಂಬುರುಸಬಾಲ ಅಂತ ಒಬ್ಬ ಹೆಣ್ಣುಮಗಳು, ಹುಟ್ಟಿದ್ದು 1963ರಲ್ಲಿ. ಹೆಸರು ನಾಲಿಗೆಗೆ ಕಷ್ಟ, ನಾವು ಮರಿಯಾ ಅನ್ನೋಣ. ಅವರ ಅಜ್ಜ ಸ್ಪೇನ್‌ನಿಂದ ಬರಿಗೈಲಿ ಬಂದು ಬಿಯರ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಕಂಪನಿ ಹೆಸರು ಮೊದೆಲೊ. ಪ್ರಪಂಚದ ಎಲ್ಲಾ ಕಡೆ ಮಾರಾಟ ಆಗೋ ‘ಕೊರೊನಾ’ ಬಿಯರ್ ಅವರದ್ದೇ. ವೈರಸ್ ಅಲ್ಲ, ಅದಕ್ಕೂ ಎಷ್ಟೋ ಮುಂಚೆಯ ಹೆಸರು.

ಬಿಯರ್ ಅಂದ ತಕ್ಷಣ ಮುಂದಿನ ಸಾಲಿನ ಅಕ್ಕಂದಿರ ಮುಖ ಬದಲಾಯ್ತು, ನೋಡಿದೆ. ಆ ಸಿಟ್ಟು ನ್ಯಾಯವಾದದ್ದೇ. 2007ರ ಜುಲೈನಲ್ಲಿ ಈ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಅದರ ಕಥೆ ಇನ್ನೊಂದು ದಿನ ಮಾತಾಡೋಣ. ಇವತ್ತು ಆ ಮನೆಯ ವ್ಯಾಪಾರ ಯಾವುದು ಅನ್ನೋದಲ್ಲ ಮುಖ್ಯ, ಆ ಮನೆಯ ಯಜಮಾನ ಹೋದಾಗ ಏನಾಯ್ತು ಅನ್ನೋದು.

1995ರಲ್ಲಿ ಮರಿಯಾ ಅವರ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮನುಷ್ಯ. ಮನೆಯಲ್ಲಿ ಗಂಡು ಮಕ್ಕಳಿಲ್ಲ. ಉಳಿದವರು ಮೂವರು: ತಾಯಿ, ಇಬ್ಬರು ಹೆಣ್ಣುಮಕ್ಕಳು. ಇಂಥ ಹೊತ್ತಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾ? ಮೆಕ್ಸಿಕೊ ಇರಲಿ, ಖಟಕ ಚಿಂಚೋಳಿ ಇರಲಿ, ಹದಿಮೂರನೇ ದಿನ ಮುಗಿಯೋದ್ರೊಳಗೆ ನಾಲ್ಕು ಜನ ಗಂಡಸರು ಬಂದು ಕೂತ್ಕೊಳ್ತಾರೆ. ‘ನಿಮ್ಮ ಕೈಲಿ ಆಗಲ್ಲಮ್ಮ, ಯಾಕೆ ತಲೆನೋವು, ನಮಗೆ ಬಿಟ್ಟುಬಿಡಿ’ ಅಂತಾರೆ.

ಆ ಮೂವರು ಬಿಡಲಿಲ್ಲ. ಮರಿಯಾ ಲೆಕ್ಕಶಾಸ್ತ್ರ ಓದಿದ್ದರು. ಷೇರು ಎಷ್ಟಿದೆ, ಯಾರ ಹೆಸರಲ್ಲಿದೆ, ಕಂಪನಿಯ ಒಪ್ಪಂದದಲ್ಲಿ ಏನು ಬರೆದಿದೆ, ಎಲ್ಲಾ ಕಾಗದ ತೆಗೆದು ಓದಿದರು. ತಮ್ಮ ಪಾಲನ್ನ ಚೂರುಚೂರು ಮಾಡಿ ಹಂಚಿಕೊಳ್ಳಲಿಲ್ಲ. ತಾಯಿ, ತಂಗಿ, ತಾನು ಸೇರಿ ಒಂದೇ ಕಂಪನಿ ಮಾಡಿ ಅದರಡಿ ಹಣ ಹೂಡಿದರು. ಅದಕ್ಕೆ ತ್ರೆಸಾಲಿಯಾ ಅಂತ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ತ್ರೆಸ್’ ಅಂದ್ರೆ ಮೂರು. ನಿಮ್ಮ ಸಂಘದಲ್ಲಿ ಹದಿನೈದು ಇಪ್ಪತ್ತು ಜನ ಇರ್ತೀರಿ, ಅವರದು ಮೂರೇ ಜನರ ಸಂಘ ಅಂದ್ಕೊಳ್ಳಿ. ದುಡ್ಡಿನ ಗಾತ್ರ ಬೇರೆ, ಬುದ್ಧಿ ಅದೇ. ಒಗ್ಗಟ್ಟಾಗಿದ್ರೆ ಪಾಲಿಗೆ ತೂಕ.

ಈಗ ಟಿವಿ ವಿಷಯಕ್ಕೆ ಬರ್ತೀನಿ. ಮೆಕ್ಸಿಕೊದಲ್ಲಿ ತೆಲೆವಿಸಾ ಅಂತ ಬಹಳ ದೊಡ್ಡ ಟಿವಿ ಸಂಸ್ಥೆ. ಆ ದೇಶದವರು ಧಾರಾವಾಹಿಗೆ ‘ತೆಲೆನೊವೆಲಾ’ ಅಂತಾರೆ. ಬಡವರ ಮನೆ ಹುಡುಗಿ, ಶ್ರೀಮಂತರ ಮನೆ ಹುಡುಗ, ಒಪ್ಪದ ಮನೆಯವರು. ನಮ್ಮ ಸಂಜೆ ಧಾರಾವಾಹಿಗಳಿಗೆ ದೂರದ ಅಕ್ಕ ಅಂದ್ರೂ ತಪ್ಪಿಲ್ಲ. ತೆಲೆವಿಸಾ ಮಾಡಿದ ಇಂಥ ಧಾರಾವಾಹಿಗಳನ್ನ ರಷ್ಯಾದವರೂ ಕೂತು ನೋಡಿ ಅತ್ತಿದ್ದಾರೆ. 1997ರಲ್ಲಿ ಆ ಸಂಸ್ಥೆಯ ಯಜಮಾನ ತೀರಿಕೊಂಡು, ಮೂವತ್ತು ಕೂಡ ತುಂಬದ ಮಗನ ಕೈಗೆ ಸಂಸ್ಥೆ ಬಂತು. ಜೊತೆಗೆ ಸಾಲ, ಷೇರುದಾರರ ಜಗಳ. ಆಗ, 2000ದ ಆಸುಪಾಸಿನಲ್ಲಿ, ದುಡ್ಡು ಹಾಕಿ ಪಾಲು ಕೊಂಡವರು ಇದೇ ಮರಿಯಾ. ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಉಪಾಧ್ಯಕ್ಷರ ಕುರ್ಚಿ ಸಿಕ್ಕಿತು. ಕೆಲವು ವರ್ಷ ಆದಮೇಲೆ ಆ ಪಾಲು ಮಾರಿ ಹೊರಗೆ ಬಂದರು. ಬರಬೇಕಾದ ಹೊತ್ತಿಗೆ ಬಂದರು, ಹೋಗಬೇಕಾದ ಹೊತ್ತಿಗೆ ಹೋದರು. 2013ರಲ್ಲಿ ಅವರ ಮನೆತನದ ಬಿಯರ್ ಕಂಪನಿಯ ಉಳಿದ ಪಾಲನ್ನೂ ಯುರೋಪಿನ ದೊಡ್ಡ ಕಂಪನಿ ಕೊಂಡಾಗ ಆ ವ್ಯವಹಾರದ ಮೊತ್ತ ಸುಮಾರು 20 ಬಿಲಿಯನ್ ಡಾಲರ್. ಮರಿಯಾ ಆ ಹೊಸ ಕಂಪನಿಯ ಆಡಳಿತ ಮಂಡಳಿಯಲ್ಲೂ ಹೋಗಿ ಕೂತರು.

‘ಸರ್, ಅವರು ಹುಟ್ಟಾ ಶ್ರೀಮಂತರು, ನಮಗ್ಯಾಕೆ ಆ ಕಥೆ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗಾಗಿ ಎರಡನೇ ಕಥೆ.

ಎರಡನೆಯವರು ಶ್ರೀಮಂತರ ಮನೆಯಲ್ಲಿ ಹುಟ್ಟಿದವರಲ್ಲ. ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ 1939ರ ಡಿಸೆಂಬರ್ 6ರಂದು ಹುಟ್ಟಿದರು. 1953ರ ಜೂನ್ ತಿಂಗಳಲ್ಲಿ ಮದುವೆ. ಲೆಕ್ಕ ಹಾಕಿ, ಇನ್ನೂ 14 ತುಂಬಿರಲಿಲ್ಲ. ಇವತ್ತು ಆ ವಯಸ್ಸಿಗೆ ಮದುವೆ ಮಾಡಿದ್ರೆ ಅದು ಅಪರಾಧ. ಅವತ್ತು ಊರಿನ ರೂಢಿ. ನಿಮ್ಮಲ್ಲಿ ಯಾರಾದ್ರೂ ಹುಡುಗಿಗೆ 18 ತುಂಬೋ ಮುಂಚೆ ಗಂಡು ಹುಡುಕ್ತಾ ಇದ್ರೆ, ‘ಅವರೂ ಮಾಡಿಕೊಂಡಿದ್ರಲ್ಲ’ ಅಂತ ಈ ಕಥೆನ ನೆಪ ಮಾಡ್ಕೋಬೇಡಿ.

ಗಂಡ ನಾಟಕ ಕಂಪನಿಯ ನಟ. ಮುತ್ತುರಾಜ್ ಅಂತ ಹೆಸರು. ಮದುವೆಯ ಮುಂದಿನ ವರ್ಷ, 1954ರಲ್ಲಿ, ‘ಬೇಡರ ಕಣ್ಣಪ್ಪ’ ಬಂತು. ಮುತ್ತುರಾಜ್ ಹೋಗಿ ರಾಜ್‌ಕುಮಾರ್ ಆದರು. ಹೌದು, ನಾನು ಹೇಳ್ತಿರೋದು ಪಾರ್ವತಮ್ಮನವರ ಬಗ್ಗೆ. ನೀವೆಲ್ಲ ಅವರನ್ನ ಅಣ್ಣಾವ್ರ ಹೆಂಡತಿ ಅಂತ ಬಲ್ಲಿರಿ. ಶಿವಣ್ಣ, ರಾಘಣ್ಣ, ಅಪ್ಪು ಅವರ ತಾಯಿ ಅಂತ ಬಲ್ಲಿರಿ. ಎರಡೂ ನಿಜ. ಆದ್ರೆ 80ರಷ್ಟು ಸಿನಿಮಾ ನಿರ್ಮಿಸಿದ ಉದ್ಯಮಿ ಅಂತ ಎಷ್ಟು ಜನ ನೆನಪು ಮಾಡ್ಕೊಳ್ತೀವಿ? ಗಂಡಸೊಬ್ಬ 80 ಸಿನಿಮಾ ಮಾಡಿದ್ರೆ ‘ಚಿತ್ರೋದ್ಯಮಿ’ ಅಂತೀವಿ. ಇವರನ್ನ ‘ಅಮ್ಮ’ ಅಂದು ಕೈಮುಗಿದು ಬಿಟ್ಟುಬಿಟ್ವಿ. ಕೈಮುಗಿಯೋದರಲ್ಲಿ ತಪ್ಪೇನಿಲ್ಲ, ಆದ್ರೆ ಅವರ ಕೆಲಸದ ಲೆಕ್ಕ ಹೇಳದೆ ಕೈಮುಗಿದ್ರೆ ಅನ್ಯಾಯ.

ಮದುವೆಯಾದ ಹೊಸದರಲ್ಲಿ ಸಂಸಾರ ಮದ್ರಾಸ್‌ನಲ್ಲಿ. ಕನ್ನಡ ಸಿನಿಮಾಕ್ಕೆ ಸ್ಟುಡಿಯೋ, ಲ್ಯಾಬ್ ಎಲ್ಲಾ ಅಲ್ಲೇ ಇದ್ದ ಕಾಲ. ಕೂಡು ಕುಟುಂಬ. ರಾಜ್‌ಕುಮಾರ್ ಅವರಿಗೆ ಪಾತ್ರ, ಹಾಡು, ಯೋಗಾಸನ, ಊಟ ಇಷ್ಟರಲ್ಲಿ ಪ್ರಪಂಚ ಮುಗಿಯಿತು. ದುಡ್ಡಿನ ವಿಷಯಕ್ಕೆ ಅವರು ಬರ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ಸಂಗತಿ. ಹಾಗಾದ್ರೆ ಬಂದವರು ಯಾರು? ಇವರೇ. ಮೊದಲು ಮನೆ ಲೆಕ್ಕ. ಆಮೇಲೆ ಕಾಲ್‌ಶೀಟಿನ ಲೆಕ್ಕ. 1975ರಲ್ಲಿ ‘ತ್ರಿಮೂರ್ತಿ’. ಅಲ್ಲಿಂದ ಅವರೇ ನಿರ್ಮಾಪಕಿ.

ಸಿನಿಮಾ ನಿರ್ಮಾಣ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅದು ನಿಮ್ಮ ಸಾಲದ ಪುಸ್ತಕಕ್ಕಿಂತ ಬಹಳ ದೂರ ಏನಿಲ್ಲ. ನಿರ್ಮಾಪಕ ಎಷ್ಟೋ ಸಲ ಫೈನಾನ್ಸಿಯರ್ ಹತ್ರ ಬಡ್ಡಿಗೆ ಹಣ ತರ್ತಾನೆ. ಫಿಲ್ಮ್ ರೀಲಿನ ಕಾಲದಲ್ಲಿ ಅಡವು ಏನಿತ್ತು? ಭೂಮಿಯಲ್ಲ, ಬಂಗಾರವಲ್ಲ, ಇನ್ನೂ ತೆಗೆದೇ ಇಲ್ಲದ ಸಿನಿಮಾದ ನೆಗೆಟಿವ್! ಶೂಟಿಂಗ್ ಒಂದು ದಿನ ನಿಂತ್ರೂ ಬಡ್ಡಿ ನಿಲ್ಲಲ್ಲ. ಇನ್ನೂರು ಜನರ ಊಟ ನಿಲ್ಲಲ್ಲ. ಸಿನಿಮಾ ಮುಗಿದ ಮೇಲೆ ಹಂಚಿಕೆದಾರ. ಅವನು ಏರಿಯಾ ಲೆಕ್ಕದಲ್ಲಿ ಕೊಳ್ತಾನೆ. ಬೆಂಗಳೂರು-ಕೋಲಾರ-ತುಮಕೂರು ಸೇರಿ ಬಿ.ಕೆ.ಟಿ. ಅಂತ ಒಂದು ಏರಿಯಾ. ಮೈಸೂರು ಕಡೆ ಒಂದು, ಹುಬ್ಬಳ್ಳಿ ಕಡೆ ಒಂದು. ನಿಮ್ಮದು ಆಗ ಹೈದರಾಬಾದ್ ಕರ್ನಾಟಕ ಏರಿಯಾ. ಗಡಿಯಲ್ಲಿ ಮರಾಠಿ, ತೆಲುಗು, ಹಿಂದಿ ಮೂರರ ಜೊತೆ ಪೈಪೋಟಿ ಮಾಡಿಯೇ ಕನ್ನಡ ಸಿನಿಮಾ ಇಲ್ಲಿಗೆ ಬರಬೇಕಿತ್ತು. ಆಮೇಲೆ ಥಿಯೇಟರಿನವನು. ಬಾಡಿಗೆನಾ, ಶೇರಾ ಅಂತ ಅವನ ಜೊತೆ ಇನ್ನೊಂದು ಚೌಕಾಸಿ. ಹೀಗೆ ಟಿಕೆಟಿನ ದುಡ್ಡು ಥಿಯೇಟರು, ಹಂಚಿಕೆದಾರ, ಫೈನಾನ್ಸಿಯರ್ ದಾಟಿ ನಿರ್ಮಾಪಕನ ಕೈಗೆ ಬರೋ ಹೊತ್ತಿಗೆ ಹಿಂಡಿದ ಕಬ್ಬಿನ ಸಿಪ್ಪೆ. ಎಷ್ಟು ನಿರ್ಮಾಪಕರು ಮನೆ ಮಾರಿಕೊಂಡಿದ್ದಾರೆ ಅಂತ ಗಾಂಧಿನಗರದಲ್ಲಿ ಕೇಳಿ ನೋಡಿ.

ಪಾರ್ವತಮ್ಮನವರು ಮಾಡಿದ್ದೇನು? ನಿರ್ಮಾಣಕ್ಕೆ ಪೂರ್ಣಿಮಾ ಎಂಟರ್‌ಪ್ರೈಸಸ್, ವಜ್ರೇಶ್ವರಿ ಕಂಬೈನ್ಸ್ ಅಂತ ಸಂಸ್ಥೆಗಳು. ಹಂಚಿಕೆಯೂ ಮನೆಯಲ್ಲೇ. ಅಂದ್ರೆ ನಡುವಿನ ಕೈಗಳನ್ನ ಕಡಿಮೆ ಮಾಡಿದರು. ನೀವು ಬೆಳೆದ ತೊಗರಿಯನ್ನ ನೀವೇ ಬೇಳೆ ಮಾಡಿ, ನೀವೇ ಪೇಟೆಗೆ ಒಯ್ದಂಗೆ. ಕಥೆಯನ್ನ ಅವರೇ ಕೇಳಿ ಆರಿಸ್ತಿದ್ದರು. ಕನ್ನಡ ಕಾದಂಬರಿಗಳನ್ನ ಹುಡುಕಿ ಸಿನಿಮಾ ಮಾಡೋದು ಆ ಮನೆಯ ಪದ್ಧತಿ. 1992ರ ‘ಜೀವನ ಚೈತ್ರ’ ನೆನಪಿದೆಯಾ? ಹಳ್ಳಿಯಲ್ಲಿ ಕುಡಿತದ ವಿರುದ್ಧ ನಿಲ್ಲೋ ಮನುಷ್ಯನ ಕಥೆ. ಅದು ವಿಶಾಲಾಕ್ಷಿ ದಕ್ಷಿಣಾಮೂರ್ತಿ ಅವರ ಕಾದಂಬರಿಯಿಂದ ಬಂದಿದ್ದು. ಬರೆದವರು ಹೆಣ್ಣು, ದುಡ್ಡು ಹಾಕಿದವರು ಹೆಣ್ಣು. ನಾವು ನೆನಪಿಟ್ಟುಕೊಂಡಿದ್ದು ಅಣ್ಣಾವ್ರನ್ನ ಮಾತ್ರ.

ಸುಧಾರಾಣಿ, ಮಾಲಾಶ್ರೀ, ಪ್ರೇಮಾ, ರಕ್ಷಿತಾ, ರಮ್ಯಾ. ಈ ಹೆಸರುಗಳು ಗೊತ್ತಲ್ಲ? ಹೊಸ ಹುಡುಗಿಯರಾಗಿದ್ದ ಇವರನ್ನೆಲ್ಲ ಆರಿಸಿ ಕನ್ನಡ ತೆರೆಗೆ ತಂದವರು ಪಾರ್ವತಮ್ಮನವರು. ಒಬ್ಬರಲ್ಲ, ಇಬ್ಬರಲ್ಲ. ಅದು ಅದೃಷ್ಟ ಅಲ್ಲ, ಕಣ್ಣು.

ಈಗ ‘ಓಂ’ ಸಿನಿಮಾ. 1995. ಮಗ ಶಿವರಾಜ್‌ಕುಮಾರ್ ನಾಯಕ, ಆಗಿನ್ನೂ ಎರಡೇ ಸಿನಿಮಾ ನಿರ್ದೇಶಿಸಿದ್ದ ಹುಡುಗ ಉಪೇಂದ್ರ ನಿರ್ದೇಶಕ. ರೌಡಿಗಳ ಕಥೆ. ಸಂಸಾರದ ಸಿನಿಮಾ ಮಾಡೋ ಮನೆ ಅಂಥ ಕಥೆಗೆ ದುಡ್ಡು ಹಾಕಿದ್ದೇ ಧೈರ್ಯ. ಸಿನಿಮಾ ಏನಾಯ್ತು ಅಂತ ಕರ್ನಾಟಕಕ್ಕೇ ಗೊತ್ತು. ಆದ್ರೆ ನಾನು ಹೇಳೋಕೆ ಹೊರಟಿದ್ದು ಅದಲ್ಲ, ಟಿವಿ ವಿಷಯ. ಕನ್ನಡದ ಮೊದಲ ಉಪಗ್ರಹ ವಾಹಿನಿ ಉದಯ ಟಿವಿ ಬಂದಿದ್ದು 1994ರಲ್ಲಿ. ಆಮೇಲೆ ಒಂದರ ಹಿಂದೆ ಒಂದು ವಾಹಿನಿ. ಎಲ್ಲಕ್ಕೂ ಸಿನಿಮಾ ಬೇಕು. ಸಿನಿಮಾ ಮಾಡಿದವರು ಸಿಕ್ಕಿದ ಬೆಲೆಗೆ ಹಕ್ಕು ಮಾರಿಬಿಟ್ಟರು. ಎಷ್ಟೋ ಜನ ಯಾವ ಕಾಗದಕ್ಕೆ ಸಹಿ ಹಾಕ್ತಿದ್ದೀವಿ ಅಂತಲೂ ಓದಲಿಲ್ಲ. ‘ಓಂ’ ಮಾತ್ರ ಟಿವಿಗೆ ಬರಲಿಲ್ಲ. ಐದು ವರ್ಷ, ಹತ್ತು ವರ್ಷ, ಬರಲಿಲ್ಲ. ಥಿಯೇಟರಿನಲ್ಲಿ ಮತ್ತೆ ಮತ್ತೆ ಬಿಡುಗಡೆಯಾಯ್ತು, ಜನ ಮತ್ತೆ ಮತ್ತೆ ದುಡ್ಡು ಕೊಟ್ಟು ನೋಡಿದರು. ಟಿವಿಯಲ್ಲಿ ಬಂದಿದ್ದು 2015ರಲ್ಲಿ. ಇಪ್ಪತ್ತು ವರ್ಷ!

ಯಜಮಾನಿಕೆ ಅಂದ್ರೆ ಅದು. ಬ್ಯಾನರ್ ಮೇಲೆ ಹೆಸರು ಹಾಕಿಸ್ಕೊಳ್ಳೋದು ಸುಲಭ. ವರ್ಷಾನುಗಟ್ಟಲೆ ಹಕ್ಕನ್ನ ಕೈಬಿಡದೆ ಇಟ್ಕೊಂಡು ಕೂರೋದು ಇದೆಯಲ್ಲ, ಅದಕ್ಕೆ ಹಕ್ಕು ನಿಜವಾಗಿ ನಿಮ್ಮ ಕೈಲಿರಬೇಕು. ‘ಕೊಡಲ್ಲ’ ಅಂತ ಹೇಳೋಕೆ ಬರದವರು ಮಾಲೀಕರಲ್ಲ.

ಕಷ್ಟ ಬರಲಿಲ್ವಾ? 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಗೆ ವೀರಪ್ಪನ್ ಬಂದ. ಗಂಡನನ್ನ ಕಣ್ಣೆದುರೇ ಕರೆದುಕೊಂಡು ಹೋದ. ಹೋಗುವಾಗ ಇವರ ಕೈಗೆ ಒಂದು ಕ್ಯಾಸೆಟ್ ಕೊಟ್ಟು ಸರ್ಕಾರಕ್ಕೆ ತಲುಪಿಸು ಅಂದ. 108 ದಿನ. ಇಡೀ ರಾಜ್ಯ ಟಿವಿ ಮುಂದೆ ಉಸಿರು ಹಿಡಿದು ಕೂತಿತ್ತು. ನವೆಂಬರ್ 15ಕ್ಕೆ ಬಿಡುಗಡೆ. ಅದಾಗಿ ಎರಡೇ ವರ್ಷಕ್ಕೆ, 2002ರಲ್ಲಿ, ಕಿರಿಮಗನನ್ನ ನಾಯಕನಾಗಿ ಮಾಡಿ ‘ಅಪ್ಪು’ ತೆಗೆದರು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ಹೋದರು. ಇವರು ಆಮೇಲೂ ಕೆಲಸ ನಿಲ್ಲಿಸಲಿಲ್ಲ. ಮೈಸೂರಿನಲ್ಲಿ ನೊಂದ ಹೆಣ್ಣುಮಕ್ಕಳಿಗೆ ಆಸರೆಯಾದ ಶಕ್ತಿಧಾಮವನ್ನ ಕಟ್ಟಿ ಬೆಳೆಸಿದವರಲ್ಲಿ ಇವರು ಮುಖ್ಯರು. 2017ರ ಮೇ 31ರಂದು ತೀರಿಕೊಂಡರು. ಗಂಡನ ಹಾಗೆ ಇವರ ಕಣ್ಣೂ ದಾನವಾಯ್ತು.

ಬರೀ ಹೊಗಳಿ ಕೂತರೆ ನಾನು ಸುದ್ದಿಯವನಲ್ಲ. ಅವರ ಬಗ್ಗೆ ತಕರಾರುಗಳೂ ಇದ್ದವು. ‘ಒಂದೇ ಮನೆಯ ಕೈಯಲ್ಲಿ ಹಂಚಿಕೆ ಇದ್ರೆ ಬೇರೆಯವರ ಗತಿಯೇನು’ ಅಂತ ಉದ್ಯಮದಲ್ಲಿ ಮಾತಿತ್ತು. ಬಹಳ ಬಿಗಿ, ಬಹಳ ಖಡಕ್ ಅಂತಿದ್ದರು. ನನಗೆ ಒಂದು ವಿಷಯ ಕಾಣುತ್ತೆ. ‘ಖಡಕ್’ ಅಂತ ದೂರಿದವರು, ಅಷ್ಟೇ ಖಡಕ್ಕಾಗಿದ್ದ ಗಂಡು ನಿರ್ಮಾಪಕರನ್ನ ‘ವ್ಯವಹಾರಸ್ಥ’ ಅಂತ ಹೊಗಳ್ತಿದ್ದರು. ಆದ್ರೆ ಇನ್ನೊಂದು ತಕರಾರು ನನ್ನದೇ ಇದೆ. ಪೂರ್ಣಿಮಾ ಅನ್ನೋದು ಅವರ ಮಗಳ ಹೆಸರು. ಬ್ಯಾನರ್ ಮೇಲೆ ಮಗಳ ಹೆಸರು ಬಂತು, ತೆರೆ ಮೇಲೆ ಬಂದಿದ್ದು ಮೂವರೂ ಗಂಡುಮಕ್ಕಳು. ಹೊರಗಿನ ಮನೆಯ ಅಷ್ಟು ಹುಡುಗಿಯರನ್ನ ನಾಯಕಿ ಮಾಡಿದ ಮನೆಯ ಸ್ವಂತ ಹೆಣ್ಣುಮಗಳೊಬ್ಬಳು ನಾಯಕಿಯಾಗಿ ಬರೋಕೆ ಮೊಮ್ಮಗಳ ಕಾಲ ಬರಬೇಕಾಯ್ತು. ಪೂರ್ಣಿಮಾ ಅವರ ಮಗಳು ಧನ್ಯಾ ರಾಮ್‌ಕುಮಾರ್ ಮೊದಲ ಸಿನಿಮಾ ಬಂದಿದ್ದು 2021ರಲ್ಲಿ. ಅದೇ ವರ್ಷ ಅಕ್ಟೋಬರ್ 29ಕ್ಕೆ ಪುನೀತ್ ಹೋದರು. ಅವರು ಕಟ್ಟಿದ ಪಿ.ಆರ್.ಕೆ. ಸಂಸ್ಥೆಯನ್ನ ಇವತ್ತು ನಡೆಸ್ತಿರೋರು ಹೆಂಡತಿ ಅಶ್ವಿನಿ. ಗಂಡ ಹೋದ ಮನೆಯಲ್ಲಿ ಸಂಸ್ಥೆಯ ಬಾಗಿಲು ಮುಚ್ಚಲಿಲ್ಲ. ಅತ್ತೆ ಹಾಕಿಕೊಟ್ಟ ದಾರಿ ಅಂತ ನಾನು ಅಂದ್ಕೊಳ್ತೀನಿ.

ಸರಿ. ಮೆಕ್ಸಿಕೊದ ಮರಿಯಾಗೆ ತಂದೆಯ ಷೇರು ಬಂತು. ಸಾಲಿಗ್ರಾಮದ ಪಾರ್ವತಮ್ಮನಿಗೆ ತವರಿನಿಂದ ಕಂಪನಿ ಬರಲಿಲ್ಲ, ಗಂಡನ ಜನಪ್ರಿಯತೆ ಬಂತು. ಅದೂ ದೊಡ್ಡ ಬಂಡವಾಳವೇ, ಇಲ್ಲ ಅನ್ನಲ್ಲ. ಆದ್ರೆ ದೊಡ್ಡ ನಟರ ಹೆಂಡತಿಯರು ಬಹಳ ಜನ ಇದ್ದರು. 80 ಸಿನಿಮಾ ಎಲ್ಲರೂ ಮಾಡಲಿಲ್ಲ. ಇಬ್ಬರಿಗೂ ಸಮಾನವಾಗಿದ್ದು ಒಂದೇ: ಕಾಗದ ಓದಿದರು, ಲೆಕ್ಕದ ಪುಸ್ತಕ ತಮ್ಮ ಹತ್ರ ಇಟ್ಕೊಂಡರು.

ಇದು ಹೊಸ ವಿದ್ಯೆ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ನಂಬಬೇಡಿ. ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ನೋಡಿದಳು. ಇದು ನಮ್ಮ ಪಾಲಿನದಲ್ಲ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಅವನು ಹೋಗಿ ಸುರಿದು ಬಂದ. ಬೀದರ್ ನೆಲದ ಮೊದಲ ಆಡಿಟರ್ ಅಂದ್ರೆ ನನ್ನ ಲೆಕ್ಕದಲ್ಲಿ ಲಕ್ಕಮ್ಮ. ಗಂಡ ಎಷ್ಟು ತಂದ, ಮನೆಗೆ ಎಷ್ಟು ಬೇಕು ಅಂತ ಅವಳಿಗೆ ಗೊತ್ತಿತ್ತು. ಹೇಳೋ ಧೈರ್ಯ ಇತ್ತು. ಕೇಳೋ ಗಂಡನೂ ಇದ್ದ, ಅದನ್ನೂ ಹೇಳಬೇಕು.

ಈಗ ನಿಮ್ಮ ಊರಿಗೆ ಬರ್ತೀನಿ. ಸಭೆ ಶುರುವಾಗೋ ಮುಂಚೆ ಚಹಾ ಕುಡಿತಾ ಕೂತಿದ್ದಾಗ ಒಬ್ಬ ಅಕ್ಕ ಹೇಳಿದರು: ‘ಅಂಗಡಿ ನಂದೇ ಹೆಸರಲೆ ಅದರಿ ಸರ್. ಸಾಲ ಭೀ ನಂದೇ ಹೆಸರಲೆ ಅದ. ಖರೆ ರೊಕ್ಕ ಅವರ ಕಡಿ ಇರ್ತಾವ. ನಾ ಖಾಲಿ ಸಹಿ ಮಾಡ್ತೀನ್ರಿ.’ ನಗ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಯೋಚನೆ ಮಾಡಿ. ಅಂಗಡಿಯ ಲಾಭ ಅವರದಲ್ಲ, ಸಾಲ ಮಾತ್ರ ಅವರದು. ನಾಳೆ ಕಂತು ತಪ್ಪಿದ್ರೆ ನೋಟಿಸ್ ಯಾರ ಹೆಸರಿಗೆ ಬರುತ್ತೆ? ಸಂಘದಲ್ಲಿ ತಲೆ ತಗ್ಗಿಸಿ ಕೂರೋರು ಯಾರು? ಗ್ರಾಮ ಪಂಚಾಯಿತಿಯಲ್ಲೂ ಇದೇ ನಾಟಕ ನೋಡಿದ್ದೀವಿ. ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ ಈ ರಾಜ್ಯದಲ್ಲಿ ಕಾನೂನಿದೆ. ಎಷ್ಟೋ ಕಡೆ ಬೋರ್ಡಿನ ಮೇಲೆ ಅಧ್ಯಕ್ಷೆ, ಕುರ್ಚಿಯ ಮೇಲೆ ಅಧ್ಯಕ್ಷೆಯ ಗಂಡ.

ನಿಮ್ಮ ಜಿಲ್ಲೆಗೆ ಇದು ಶೋಭೆಯಲ್ಲ, ಯಾಕಂದ್ರೆ ನೀವು ಬೇರೆಯವರಿಗೆ ದಾರಿ ತೋರಿಸಿದವರು. ಸ್ವಸಹಾಯ ಸಂಘಕ್ಕೆ ಬ್ಯಾಂಕು ನೇರವಾಗಿ ಸಾಲ ಕೊಡೋ ಪದ್ಧತಿಯನ್ನ ನಬಾರ್ಡ್ 1992ರಲ್ಲಿ ಶುರು ಮಾಡಿತು. ಸಹಕಾರಿ ಬ್ಯಾಂಕುಗಳ ಪೈಕಿ ಅದನ್ನ ಆ ದಶಕದಲ್ಲೇ ದೊಡ್ಡದಾಗಿ ಕೈಗೆತ್ತಿಕೊಂಡಿದ್ದು ನಿಮ್ಮ ಬೀದರ್ ಡಿಸಿಸಿ ಬ್ಯಾಂಕ್. ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳತ್ವದ ಕಾಲ ಅದು. ಅಡವು ಇಲ್ಲದ ಹೆಣ್ಣುಮಕ್ಕಳನ್ನ ನಂಬಿ ಸಾಲ ಕೊಟ್ಟರು. ನೀವು ವಾರ ವಾರ ಉಳಿಸಿದಿರಿ, ಸಾಲ ಪಡೆದಿರಿ, ತೀರಿಸಿದಿರಿ. ಆ ಮಾದರಿಯನ್ನ ನೋಡೋಕೆ ಹೊರಗಿನವರು ಬೀದರಿಗೆ ಬಂದರು. ಅಂಥ ಊರಿನಲ್ಲಿ ‘ನಾ ಖಾಲಿ ಸಹಿ ಮಾಡ್ತೀನಿ’ ಅನ್ನೋ ಮಾತು ಕೇಳಬಾರದು.

ಸಾಲದ ಕಾಗದಕ್ಕಿಂತ ದೊಡ್ಡ ಕಾಗದ ಒಂದಿದೆ. ಹಕ್ಕು ಬಿಡುಗಡೆ ಪತ್ರ. ಹೇಗೆ ಬರುತ್ತೆ ಗೊತ್ತಲ್ಲ? ಪಂಚಮಿಗೆ ತವರಿಗೆ ಕರೀತಾರೆ. ಸೀರೆ ಉಡಿಸ್ತಾರೆ, ಉಂಡಿ ಕಟ್ಟಿಕೊಡ್ತಾರೆ. ಮರುದಿನ ಅಣ್ಣ ‘ಅಕ್ಕಾ, ಸ್ವಲ್ಪ ಭಾಲ್ಕಿಗೆ ಹೋಗಿ ಬರೋಣ, ಆಫೀಸಿನಾಗ ಒಂದು ಸಹಿ ಅದ’ ಅಂತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ಹಿಡಿಸಿಕೊಂಡು ಹೊರಗೆ ಬರೋ ಹೊತ್ತಿಗೆ ಅಪ್ಪನ ಹೊಲದಲ್ಲಿ ನಿಮ್ಮ ಪಾಲು ಮುಗಿದಿರುತ್ತೆ.

ಕಾನೂನು ಏನು ಹೇಳುತ್ತೆ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮ ಪಾಲು ಅಂತ ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅದೇ ಕಾನೂನು, ಮದುವೆಯಾದವರಿಗೂ ಸೇರಿ. ಆಗ ಅಪ್ಪ ಬದುಕಿರಬೇಕಿತ್ತಾ ಅನ್ನೋ ಗೊಂದಲ ಇತ್ತು. 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನೂ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದಿದ್ದು, ಆ ದಿನ ಅಪ್ಪ ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಮುಗಿದುಹೋದ ಪಾಲುಪಟ್ಟಿಗಳನ್ನ ಮಾತ್ರ ಮುಟ್ಟೋಕಾಗಲ್ಲ. ಮುಸ್ಲಿಂ ಅಕ್ಕಂದಿರಿಗೆ ಲೆಕ್ಕ ಬೇರೆ, ಪ್ರಮಾಣ ಬೇರೆ, ಆದ್ರೆ ಮಗಳಿಗೆ ಪಾಲು ಅನ್ನೋದು ಅಲ್ಲೂ ಇದೆ.

ತವರಿನ ಜೊತೆ ಜಗಳ ಮಾಡಿ ಅಂತ ನಾನು ಹೇಳ್ತಿಲ್ಲ. ಅಣ್ಣ ಅಪ್ಪ-ಅವ್ವನನ್ನ ನೋಡಿಕೊಂಡಿರ್ತಾನೆ, ಸಾಲ ತೀರಿಸಿರ್ತಾನೆ. ನೀವು ಮನಸಾರೆ ಬಿಟ್ಟುಕೊಡಬಹುದು. ಅದು ನಿಮ್ಮ ದೊಡ್ಡತನ. ಆದ್ರೆ ಏನು ಬಿಡ್ತಿದ್ದೀವಿ ಅಂತ ಗೊತ್ತಿದ್ದು ಬಿಡಬೇಕು. ಎಷ್ಟು ಎಕರೆ, ಯಾವ ಸರ್ವೆ ನಂಬರ್, ಪಹಣಿಯಲ್ಲಿ ಯಾರ ಹೆಸರಿದೆ. ಕೊಟ್ಟರೆ ದಾನ, ಗೊತ್ತಿಲ್ಲದೆ ಹೋದ್ರೆ ಅದಕ್ಕೆ ಬೇರೆ ಹೆಸರಿದೆ.

ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, ಓದದ ಕಾಗದಕ್ಕೆ ಸಹಿ ಬೇಡ. ಓದೋಕೆ ಬರಲ್ವಾ? ಶಾಲೆಗೆ ಹೋಗೋ ಮಗಳ ಕೈಲಿ ಜೋರಾಗಿ ಓದಿಸಿ. ಆಫೀಸಿನವರು ‘ಟೈಮ್ ಇಲ್ಲಮ್ಮ’ ಅಂದ್ರೆ, ‘ನಾಳೆ ಬರ್ತೀನಿ ಸಾಹೇಬ್ರೆ’ ಅನ್ನಿ.

ಎರಡು, ಪಾಸ್‌ಬುಕ್ ನಿಮ್ಮ ಹತ್ರ ಇರಲಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಅಂತ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಅಂತ ಆಯ್ತು. ಆ ಯೋಜನೆ ಸರಿಯಾ ತಪ್ಪಾ ಅಂತ ಸ್ಟುಡಿಯೋದಲ್ಲಿ ನಾವು ಗಂಟಲು ಹರ್ಕೊಂಡಿದ್ದೀವಿ. ಅದನ್ನ ಬಿಡಿ. ಎಟಿಎಂ ಕಾರ್ಡು ಯಾರ ಜೇಬಲ್ಲಿದೆ? ಪಿನ್ ನಂಬರ್ ಯಾರಿಗೆ ಗೊತ್ತು? ಕಾರ್ಡು ಇನ್ನೊಬ್ಬರ ಜೇಬಲ್ಲಿದ್ರೆ ಯಜಮಾನಿ ಅನ್ನೋದು ಬರೀ ಅರ್ಜಿಯ ಮೇಲಿನ ಮಾತು.

ಮೂರು, ಲೆಕ್ಕ ಬರೆಯಿರಿ. ಅಂಗಡಿ ಇರಲಿ, ಎಮ್ಮೆ ಇರಲಿ, ಹೊಲಿಗೆ ಮಷೀನ್ ಇರಲಿ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಎಡಕ್ಕೆ ಬಂದಿದ್ದು, ಬಲಕ್ಕೆ ಹೋಗಿದ್ದು. ಆರು ತಿಂಗಳು ಬರೆದು ನೋಡಿ, ಮನೆಯಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆ ಬರುತ್ತೆ ಅಂತ.

ಗಂಡಸರೂ ನಿಂತಿದ್ದೀರಿ ಹಿಂದೆ, ಕಂಬದ ಹತ್ರ. ನಿಮಗೂ ಒಂದು ಮಾತು. ರಾಜ್‌ಕುಮಾರ್ ಲೆಕ್ಕವನ್ನ ಹೆಂಡತಿಗೆ ಬಿಟ್ಟರು. ಅದರಿಂದ ಅವರೇನೂ ಚಿಕ್ಕವರಾಗಲಿಲ್ಲ. ನೆಮ್ಮದಿಯಾಗಿ ಹಾಡ್ತಾ ಇದ್ದರು. ನೀವೂ ಒಂದು ವರ್ಷ ಬಿಟ್ಟು ನೋಡಿ.

ಚಹಾ ಹೊತ್ತಲ್ಲಿ ಮಾತಾಡಿದ ಅಕ್ಕಾ, ನಿಮ್ಮ ಅಂಗಡಿಯ ಸಾಲದ ಕಾಗದ ತಗೊಂಡು ಬನ್ನಿ. ಸಂಘದ ಲೆಕ್ಕ ಬರೆಯೋ ಹುಡುಗಿ ಇಲ್ಲೇ ಇದ್ದಾಳಲ್ಲ, ಸಭೆ ಮುಗಿದ ಮೇಲೆ ಕೂತು ಓದೋಣ. ನನ್ನ ಗಾಡಿ ಒಂದು ತಾಸು ತಡವಾಗಿ ಹೊರಟರೂ ಅಡ್ಡಿಯಿಲ್ಲ.